ಮೋಟರ್‌ಹೋಮ್‌ನಲ್ಲಿದ್ದಾಗ ಕಣ್ಣು ತಾತ್ಕಾಲಿಕವಾಗಿ ಕೈಕೊಟ್ಟರೆ: ಹಂತ ಹಂತದ ಮಾರ್ಗದರ್ಶಿ

ನನ್ನ ಎಡಗಣ್ಣು ಚಿಕ್ಕಂದಿನಿಂದಲೂ ಸ್ವಲ್ಪ ಮಂದ. ಓದು, ಕೆಲಸ, ಡ್ರೈವಿಂಗ್ ಎಲ್ಲಕ್ಕೂ ಬಲಗಣ್ಣೇ ಆಧಾರ. ಆ ಬಲಗಣ್ಣಿನ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪೊರೆ, ಕಳಚಿಕೊಂಡಿತು. ಆಪರೇಷನ್ ಮಾಡಿ, ಕಣ್ಣೊಳಗೆ ಗ್ಯಾಸ್ ಗುಳ್ಳೆ ತುಂಬಿ, "ಮನೆಗೆ ಹೋಗಿ ರೆಸ್ಟ್ ತಗೊಳ್ಳಿ" ಅಂದರು. ನನ್ನ ಮನೆಗೆ ಆರು ಚಕ್ರ: ಅಡುಗೆ, ಮಂಚ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿ, ಮೋಟರ್‌ಹೋಮ್.

ಏಳು ವಾರ ಆ ಗಾಡಿಯಲ್ಲೇ ಕಳೆದೆ. ಮೊದಲ ದಿನಗಳಲ್ಲಿ ಬಲಗಣ್ಣಿಗೆ ಬೆಳಕು, ಕತ್ತಲೆ ಬಿಟ್ಟರೆ ಏನೂ ಇಲ್ಲ. ಎಡಗಣ್ಣಿಗೆ ಮಬ್ಬು ಆಕಾರಗಳು. ಆಗ ತಿಳಿದದ್ದು ಇಷ್ಟು: ಕಾಣದವರಿಗೆ ಮೋಟರ್‌ಹೋಮ್ ಕೆಟ್ಟ ಮನೆ ಏನಲ್ಲ. ಕೈ ಚಾಚಿದರೆ ಎಲ್ಲವೂ ಸಿಗುತ್ತದೆ. ದಾರಿ ತಪ್ಪೋಣ ಅಂದರೂ ಒಳಗೆ ಜಾಗ ಇಲ್ಲ. ಇದರ ತಂಟೆ ಒಂದೇ, ಎಲ್ಲವೂ ಕದಲುತ್ತದೆ. ಗಾಡಿ ಕದಲುತ್ತದೆ, ಮೆಟ್ಟಿಲು ಮಡಚಿಕೊಳ್ಳುತ್ತದೆ, ಊಟದ ಟೇಬಲ್ಲೇ ರಾತ್ರಿ ಮಂಚವಾಗುತ್ತದೆ. ಸ್ಲೈಡ್‌ಔಟ್ (ಪಕ್ಕಕ್ಕೆ ಹೊರಚಾಚುವ ಕೋಣೆಯ ಭಾಗ) ಒಳಗೆ ಎಳೆದುಕೊಂಡರೆ ಗೋಡೆಯೇ ಜಾಗ ಬದಲಿಸುತ್ತದೆ. ಕೆಳಗಿನ ಹಂತಗಳಲ್ಲಿ ಬಹುಪಾಲು ಈ ಕದಲಾಟವನ್ನು ನಿಲ್ಲಿಸುವ ಕೆಲಸವೇ.

ಹಂತ 1: ಇದು ಕಾಯುವಂಥದ್ದೋ ಓಡುವಂಥದ್ದೋ ನೋಡಿ

"ತಾತ್ಕಾಲಿಕ" ಅನ್ನುವ ಮಾತನ್ನು ಹೇಳಬೇಕಾದವರು ಕಣ್ಣಿನ ಡಾಕ್ಟರ್, ನೀವಲ್ಲ. ಊರಿಂದ ದೂರ ಗಾಡಿ ನಿಲ್ಲಿಸಿಕೊಂಡಾಗ "ಬೆಳಗ್ಗೆ ನೋಡೋಣ ಬಿಡು" ಅನಿಸುತ್ತದೆ. ನಾನೂ ಹಾಗೆ ಒಂದು ರಾತ್ರಿ ಕಳೆದೆ. ಕಳೆಯಬಾರದಿತ್ತು.

ಇವುಗಳಲ್ಲಿ ಒಂದಾದರೂ ಇದ್ದರೆ ರಾತ್ರಿಯೋ ಹಗಲೋ ಅಂತ ನೋಡದೆ ಆಸ್ಪತ್ರೆಗೆ ಹೋಗಿ:

- ಒಂದು ಕಡೆಯಿಂದ ಪರದೆ ಎಳೆದ ಹಾಗೆ ನೋಟ ಮುಚ್ಚಿಕೊಳ್ಳುವುದು, ಮಿಂಚು, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ. ಇದು ರೆಟಿನಾ ಕಳಚುವ ಲಕ್ಷಣ.
- ಒಂದು ಕಣ್ಣು ಕೆಲವು ನಿಮಿಷ ಕತ್ತಲಾಗಿ ತಾನಾಗಿಯೇ ಸರಿಹೋಗುವುದು. ಸರಿಹೋಯಿತಲ್ಲ ಅಂತ ಬಿಡಬೇಡಿ. ಇದು ಪಾರ್ಶ್ವವಾಯುವಿನ ಮುನ್ಸೂಚನೆ ಇರಬಹುದು. ಜೊತೆಗೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಕೈಯಲ್ಲಿ ಬಲ ಹೋದರೆ ನೇರ ಆಂಬುಲೆನ್ಸ್.
- ಕೆಂಪು ಕಣ್ಣು, ತಡೆಯಲಾಗದ ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ. ಕಣ್ಣಿನ ಒತ್ತಡ ಒಮ್ಮೆಲೇ ಏರುವ ಗ್ಲಾಕೋಮಾ ಹೀಗೇ ಬರುತ್ತದೆ.
- ವಯಸ್ಸು 50 ದಾಟಿದ್ದು, ಕಪಾಲದ ಪಕ್ಕ ನೋವು, ಅಗಿಯುವಾಗ ದವಡೆ ನೋವು, ಜೊತೆಗೆ ಮಂದ ದೃಷ್ಟಿ. ತಲೆಯ ರಕ್ತನಾಳದ ಉರಿಯೂತ ಇದ್ದರೆ ಎರಡನೇ ಕಣ್ಣಿಗೂ ಅಪಾಯ.

ಮೈಗ್ರೇನ್ ಬರುವವರಿಗೆ ಎರಡೂ ಕಣ್ಣಲ್ಲಿ ಅಂಕುಡೊಂಕಾದ ಹೊಳೆಯುವ ಗೆರೆಗಳು ಕಂಡು, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೋಗುತ್ತವೆ. ಹಳೆಯ ಪರಿಚಯ ಆದರೆ ಸರಿ. ಮೊದಲ ಸಲ ಆದರೆ ತೋರಿಸಿಕೊಳ್ಳಲೇಬೇಕು.

ಗಾಡಿಯಲ್ಲಿ ಬದುಕುವವರು ಮರೆಯಬಾರದ ಇನ್ನೊಂದು ಕಾರಣ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ. ದೃಷ್ಟಿ ಮಬ್ಬಾಗಿ, ತಲೆನೋವು, ತಲೆಸುತ್ತು, ವಾಕರಿಕೆ ಇದ್ದು, ಒಳಗಿರುವ ಇನ್ನೊಬ್ಬರಿಗೂ ಹಾಗೇ ಆಗುತ್ತಿದ್ದರೆ ಕಣ್ಣಿನ ವಿಷಯ ಆಮೇಲೆ. ಮೊದಲು ಎಲ್ಲರೂ ಹೊರಗೆ ಬನ್ನಿ. ಹೀಟರ್, ಗ್ಯಾಸ್ ಒಲೆ, ಜನರೇಟರ್, ಪಕ್ಕದ ಗಾಡಿಯ ಜನರೇಟರ್ ಹೊಗೆ, ಯಾವುದರಿಂದಲಾದರೂ ಬರಬಹುದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊರಗೆ ಬಂದ ಮೇಲೆ ಸಹಾಯಕ್ಕೆ ಫೋನ್ ಮಾಡಿ.

ಟಾಯ್ಲೆಟ್ ಕೆಮಿಕಲ್, ಬ್ಯಾಟರಿ ಆಸಿಡ್ ಅಥವಾ ಕ್ಲೀನಿಂಗ್ ದ್ರವ ಕಣ್ಣಿಗೆ ಹಾರಿದರೆ ಅಲ್ಲೇ, ಆಗಲೇ ತೊಳೆಯಲು ಶುರು ಮಾಡಿ. ಕನಿಷ್ಠ 15ರಿಂದ 20 ನಿಮಿಷ. ಲೆನ್ಸ್ ಇದ್ದರೆ ತೊಳೆಯುತ್ತಲೇ ತೆಗೆಯಿರಿ. ಶವರ್ ಪೈಪಿನ ಸಣ್ಣ ಧಾರೆ ಸಾಕು. ಟ್ಯಾಂಕ್ ಖಾಲಿಯಾದೀತು ಅಂತ ಲೆಕ್ಕ ಹಾಕುವ ಹೊತ್ತಲ್ಲ ಅದು. ಆಮೇಲೆ ಆಸ್ಪತ್ರೆ.

ಇವುಗಳ ಮುಂದೆ ಹಿಮದ ಮೇಲಿನ ಬಿಸಿಲು ಅಥವಾ ವೆಲ್ಡಿಂಗ್ ಬೆಳಕಿನಿಂದ ಆಗುವ ಕಣ್ಣುರಿ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪೊರೆ) ಮೇಲಿನ ಸಣ್ಣ ಗೀರು ಹಗುರದವು. ಬೆಳಕು ಬಿದ್ದ 6ರಿಂದ 12 ಗಂಟೆಯ ನಂತರ ಕಣ್ಣಲ್ಲಿ ಮರಳು ಹಾಕಿದಂತಾಗಿ, ಸಾಮಾನ್ಯವಾಗಿ ಒಂದೆರಡು, ಹೆಚ್ಚೆಂದರೆ ಮೂರು ದಿನದಲ್ಲಿ ಇಳಿಯುತ್ತದೆ. ಉಜ್ಜಬೇಡಿ, ಲೆನ್ಸ್ ಹಾಕಬೇಡಿ. ಪರೀಕ್ಷೆ ಮಾಡುವಾಗ ಹಾಕುವ ಮರಗಟ್ಟಿಸುವ ಹನಿಯನ್ನು ಮನೆಗೆ ಕೇಳಬೇಡಿ, ಅದು ಗಾಯ ಮಾಯುವುದನ್ನು ತಡ ಮಾಡುತ್ತದೆ.

ಗಾಡಿ ಓಡಿಸುವಾಗಲೇ ಕಣ್ಣು ಮಬ್ಬಾದರೆ? ಬ್ರೇಕ್ ಮೇಲೆ ನಿಂತುಬಿಡಬೇಡಿ, ಹಿಂದಿನವರು ಬಂದು ಗುದ್ದುತ್ತಾರೆ. ಆಕ್ಸಿಲರೇಟರ್ ಬಿಡಿ, ನಾಲ್ಕೂ ಇಂಡಿಕೇಟರ್ ಹಾಕಿ, ಸ್ಟೀರಿಂಗ್ ನೇರ ಹಿಡಿದು ನಿಧಾನವಾಗಿ ಅಂಚಿಗೆ ಬನ್ನಿ. ಪಕ್ಕದಲ್ಲಿ ಕೂತವರು "ಅಯ್ಯೋ" ಅನ್ನುವ ಬದಲು "ಇನ್ನೂ ಸ್ವಲ್ಪ ಅಂಚಿಗೆ, ಈಗ ನೇರ" ಅಂತ ಹೇಳಲಿ. ನಿಂತ ಮೇಲೆ ಮತ್ತೆ ಕಾಣಿಸಿದರೂ ಓಡಿಸಬೇಡಿ.

ಹಂತ 2: ಒಂದು ಕಡೆ ನೆಲೆ ನಿಲ್ಲಿ

ಆಸ್ಪತ್ರೆಗೆ ಹತ್ತಿರ, ಸಮತಟ್ಟು ನೆಲ, ಕರೆಂಟು, ನೀರು, ಚರಂಡಿ ಮೂರೂ ಇರುವ ಕ್ಯಾಂಪಿಂಗ್ ಜಾಗ ಹುಡುಕಿ. ದುಡ್ಡು ಜಾಸ್ತಿ ಆಗುತ್ತದೆ, ಹೌದು. ಆದರೆ ಕೊಳಚೆ ಟ್ಯಾಂಕ್ ಖಾಲಿ ಮಾಡಲು ವಾರಕ್ಕೊಮ್ಮೆ ಗಾಡಿ ಕದಲಿಸುವುದು ತಪ್ಪುತ್ತದೆ. ರಸ್ತೆ ಪಕ್ಕದ, ಕೆರೆ ದಂಡೆಯ ಜಾಗ ಎಷ್ಟೇ ಚೆಂದ ಇದ್ದರೂ ಬೇಡ. ನೋಡಲು ಹೇಗೂ ಆಗುವುದಿಲ್ಲ, ಅಲ್ವಾ?

ಗಾಡಿಯನ್ನು ಮಟ್ಟಸ ಮಾಡಿಸಿ. ನಮ್ಮ ಮೈಯ ಸಮತೋಲನದಲ್ಲಿ ಕಣ್ಣಿನ ಪಾಲು ದೊಡ್ಡದು. ಕಾಣದಿದ್ದಾಗ ಸಣ್ಣ ಓರೆಗೂ ತಲೆ ತಿರುಗಿದಂತಾಗುತ್ತದೆ. ಜ್ಯಾಕ್ ಇದ್ದರೆ ಇಳಿಸಿ, ಹೆಜ್ಜೆ ಹೆಜ್ಜೆಗೂ ಗಾಡಿ ತೂಗಾಡುವುದು ನಿಲ್ಲುತ್ತದೆ. ಸ್ಲೈಡ್‌ಔಟ್ ಹೊರಗೆ ಹಾಕಿದ ಮೇಲೆ ಚೇತರಿಸಿಕೊಳ್ಳುವವರೆಗೂ ಒಳಗೆ ಎಳೆಯಬೇಡಿ.

ಕ್ಯಾಂಪಿನ ಪೂರ್ತಿ ವಿಳಾಸ, ನಿಮ್ಮ ಜಾಗದ ನಂಬರ್ ಎರಡನ್ನೂ ಬಾಯಿಪಾಠ ಮಾಡಿ. ಕಾಣದವರು ತುರ್ತು ಕರೆ ಮಾಡಿ "ಎಲ್ಲಿದ್ದೀನಿ ಗೊತ್ತಿಲ್ಲ" ಅಂದರೆ ಬರುವವರಿಗೂ ಕಷ್ಟ. 112 ಯುರೋಪಿನಾದ್ಯಂತ, ಬೇರೆ ಎಷ್ಟೋ ದೇಶಗಳಲ್ಲೂ ನಡೆಯುತ್ತದೆ. ಆಫೀಸಿನವರಿಗೆ ಮತ್ತು ಒಬ್ಬ ನೆರೆಯವರಿಗೆ ವಿಷಯ ಹೇಳಿಡಿ.

ಗಾಡಿ ಕದಲಿಸಲೇಬೇಕಾದರೆ ಯಾರಿಗೋ ಸುಮ್ನೆ ಬೀಗದ ಕೈ ಕೊಡಬೇಡಿ. ದೊಡ್ಡ ಮೋಟರ್‌ಹೋಮ್‌ಗೆ ಎಷ್ಟೋ ಕಡೆ ಮಾಮೂಲಿ ಕಾರ್ ಲೈಸೆನ್ಸ್ ಸಾಲದು. ಅವರ ಲೈಸೆನ್ಸ್‌ನಲ್ಲಿರುವ ತೂಕದ ಮಿತಿ ನೋಡಿ, ಇನ್ಶೂರೆನ್ಸ್‌ನಲ್ಲಿ ಅವರ ಹೆಸರು ಸೇರಿಸಿ.

ಹಂತ 3: ಕಣ್ಣಲ್ಲಿ ಗ್ಯಾಸ್ ಗುಳ್ಳೆ ಇದ್ದರೆ ಬೆಟ್ಟ ಹತ್ತಬೇಡಿ

ಇದನ್ನು ಬೇರೆಯಾಗಿ, ದೊಡ್ಡದಾಗಿ ಬರೆಯುತ್ತಿದ್ದೇನೆ. ವಿಮಾನ ಹತ್ತಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಮೋಟರ್‌ಹೋಮ್‌ನವರಿಗೆ ಹೇಳಬೇಕಾದ ಇನ್ನೊಂದು ಮಾತು ಅಲ್ಲೇ ಉಳಿದುಬಿಡುತ್ತದೆ.

ರೆಟಿನಾವನ್ನು ಒತ್ತಿ ಹಿಡಿಯಲು ತುಂಬುವ ಗ್ಯಾಸ್‌ನಲ್ಲಿ ಎರಡು ಬಗೆ ಸಾಮಾನ್ಯ. ಸಲ್ಫರ್ ಹೆಕ್ಸಾಫ್ಲೋರೈಡ್ ಸುಮಾರು ಎರಡು ವಾರ ಇರುತ್ತದೆ. ಪರ್‌ಫ್ಲೋರೋಪ್ರೋಪೇನ್ ಆರರಿಂದ ಎಂಟು ವಾರ. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಗುಳ್ಳೆ ಹಿಗ್ಗುತ್ತದೆ. ಕಣ್ಣಿನ ಒತ್ತಡ ಏರಿ ರೆಟಿನಾಗೆ ರಕ್ತ ಹೋಗುವುದು ನಿಂತರೆ, ತಾತ್ಕಾಲಿಕವಾಗಿದ್ದ ಕುರುಡು ಶಾಶ್ವತವಾಗಬಹುದು. ಹಾರುವ ವಿಮಾನದ ಒಳಗಿನ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟೇ. ಅಷ್ಟೆತ್ತರದ ಕಣಿವೆ ದಾರಿಯನ್ನು ನಮ್ಮ ಗಾಡಿ ಒಂದು ಮಧ್ಯಾಹ್ನದಲ್ಲಿ ಹತ್ತಿಬಿಡುತ್ತದೆ.

ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮೊದಲು ಸರ್ಜನ್‌ಗೆ ಮೂರು ಪ್ರಶ್ನೆ ಕೇಳಿ. ಒಳಗಿರುವುದು ಯಾವ ಗ್ಯಾಸ್? ಇಲ್ಲಿಂದ ಎಷ್ಟು ಮೀಟರ್ ಮೇಲಕ್ಕೆ ಹೋಗಬಹುದು? ಯಾವತ್ತಿನವರೆಗೆ? ಕ್ಯಾಂಪಿನ ಎತ್ತರ ಮಾತ್ರ ನೋಡಿದರೆ ಸಾಲದು, ದಾರಿಯ ನಡುವಿನ ಏರನ್ನೂ ನೋಡಿ. ಹತ್ತುವಾಗ ಕಣ್ಣು ನೋಯಲು ಶುರುವಾದರೆ ಗಾಡಿ ತಿರುಗಿಸಿ ಕೆಳಗಿಳಿಯಿರಿ, ಆಸ್ಪತ್ರೆಗೆ ಫೋನ್ ಮಾಡಿ. ಗುಳ್ಳೆ ಇದೆ ಅಂತ ಬರೆದ ಪಟ್ಟಿಯನ್ನು ಕೈಗೆ ಕಟ್ಟಿ ಕಳಿಸುತ್ತಾರೆ. ಗುಳ್ಳೆ ಪೂರ್ತಿ ಕರಗುವವರೆಗೆ ಬಿಚ್ಚಬೇಡಿ. ಬೇರೆ ಯಾವುದಕ್ಕಾದರೂ ಅರಿವಳಿಕೆ ಕೊಡುವಾಗ ನೈಟ್ರಸ್ ಆಕ್ಸೈಡ್ ಬಳಸಿದರೆ ಅದೂ ಗುಳ್ಳೆಯನ್ನು ಹಿಗ್ಗಿಸುತ್ತದೆ.

ಕೆಲವರಿಗೆ ದಿನಗಟ್ಟಲೆ ಮುಖ ಕೆಳಗೆ ಮಾಡಿಕೊಂಡಿರಲು ಹೇಳುತ್ತಾರೆ. ಇದಕ್ಕೆ ಗಾಡಿಯ ಊಟದ ಟೇಬಲ್ ಹೇಳಿ ಮಾಡಿಸಿದ ಹಾಗಿದೆ. ಬೆಂಚಿನ ಮೇಲೆ ಕೂತು, ಟವೆಲನ್ನು ಉಂಗುರದಂತೆ ಸುತ್ತಿಟ್ಟು ಅದರ ಮೇಲೆ ಹಣೆ ಊರಿ. ಕಣ್ಣಿಗೆ ಒತ್ತು ಬೀಳಬಾರದು. ಮಲಗುವಾಗ ಯಾವ ಮಗ್ಗುಲು ಅಂತ ಡಾಕ್ಟರ್ ಹೇಳಿದ್ದನ್ನೇ ಮಾಡಿ. ಅಂಗಾತ ಮಾತ್ರ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಡ್ರೈವರ್ ತಲೆ ಮೇಲಿನ ಏಣಿ ಹತ್ತುವ ಮಂಚವನ್ನು ಮರೆತುಬಿಡಿ.

ದಿನ ಕಳೆದಂತೆ ಗುಳ್ಳೆಯ ಅಂಚು ಕಣ್ಣ ಮುಂದೆ ಅಲುಗಾಡುವ ಗೆರೆಯಾಗಿ ಕಾಣುತ್ತದೆ, ಥೇಟ್ ಗಾಡಿ ಮಟ್ಟ ನೋಡುವ ರಸಮಟ್ಟದ ಹಾಗೆ. ಗೆರೆ ದಿನದಿನಕ್ಕೆ ಕೆಳಗಿಳಿಯುತ್ತದೆ, ಅದರ ಮೇಲಿನ ಭಾಗ ತಿಳಿಯಾಗುತ್ತದೆ. ಏಳನೇ ವಾರ ನನಗೆ ಉಳಿದದ್ದು ಕಡಲೆಕಾಳಿನಷ್ಟು ಕಪ್ಪು ಗುಂಡು, ಅದೂ ಒಂದು ಬೆಳಗ್ಗೆ ಇರಲಿಲ್ಲ.

ಹಂತ 4: ಒಳಗಿನದನ್ನು ಒಂದೇ ದಿನದಲ್ಲಿ ಸಜ್ಜು ಮಾಡಿ

ಕಾಣುವವರೊಬ್ಬರನ್ನು ಕೂರಿಸಿಕೊಂಡು ಮಾಡಿ, ಆದರೆ ಪ್ರತಿ ವಸ್ತುವನ್ನೂ ನಿಮ್ಮ ಕೈಯಿಂದಲೇ ಇಡಿ. ಕೈಗೆ ನೆನಪಿರುತ್ತದೆ.

ಮೊದಲು ನೆಲ. ಚಾಪೆ, ಚಪ್ಪಲಿ, ಚಾರ್ಜರ್ ವೈರ್, ನಾಯಿಯ ಬಟ್ಟಲು ಎಲ್ಲ ಎತ್ತಿ. ಆಮೇಲೆ ತಲೆಯ ಎತ್ತರ. ನಮ್ಮ ಗಾಡಿಗಳಲ್ಲಿ ಕಣ್ಣಿಗೆ ದೊಡ್ಡ ಶತ್ರು ತೆರೆದಿಟ್ಟ ಮೇಲಿನ ಕಪಾಟಿನ ಬಾಗಿಲು. "ಬಾಗಿಲು ಪೂರ್ತಿ ಮುಚ್ಚಿರಬೇಕು" ಅನ್ನುವುದು ಎಲ್ಲರಿಗೂ ಕಾನೂನು. ಬಗ್ಗುವಾಗ, ಏಳುವಾಗ ಒಂದು ಅಂಗೈಯನ್ನು ಹಣೆಯ ಮುಂದೆ ಹೊರಮುಖ ಮಾಡಿ ಹಿಡಿಯಿರಿ. ಆಪರೇಷನ್ ಆದ ಕಣ್ಣಿಗೆ ರಾತ್ರಿ ಪ್ಲಾಸ್ಟಿಕ್ ಕವಚ ಕೊಟ್ಟಿದ್ದರೆ ತಪ್ಪದೆ ಹಾಕಿ.

ಗುರುತುಗಳಿಗೆ ರಬ್ಬರ್ ಬ್ಯಾಂಡ್, ಬಟ್ಟೆ ಕ್ಲಿಪ್, ಸೇಫ್ಟಿ ಪಿನ್, ಅಂಟಿಸುವ ಉಬ್ಬು ಚುಕ್ಕೆ ಸಾಕು. ಸ್ವಿಚ್ ಬೋರ್ಡ್‌ನಲ್ಲಿ ನೀರಿನ ಪಂಪಿಗೆ ಒಂದು ಚುಕ್ಕೆ, ಹೀಟರ್‌ಗೆ ಎರಡು. ಶಾಂಪೂ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಉಳಿದದ್ದಕ್ಕೆ ಏನೂ ಬೇಡ. ಎಲ್ಲದಕ್ಕೂ ಗುರುತು ಹಾಕಿದರೆ ಯಾವುದಕ್ಕೂ ಹಾಕದ ಹಾಗೇ ಆಗುತ್ತದೆ. ನಾನು ಮೊದಲ ದಿನ 30 ಚುಕ್ಕೆ ಅಂಟಿಸಿ, ಮೂರನೇ ದಿನ 20 ಕಿತ್ತೆ.

ಟಾಯ್ಲೆಟ್ ಕೆಮಿಕಲ್ ಮತ್ತು ಕ್ಲೀನಿಂಗ್ ದ್ರವಗಳು ಹೊರಗಿನ ಡಿಕ್ಕಿಗೆ ಹೋಗಲಿ. ಸೂಪರ್ ಗ್ಲೂ ಅಂತೂ ಗಾಡಿಯಲ್ಲೇ ಬೇಡ. ಅದರ ಟ್ಯೂಬ್ ಕೈಗೆ ಥೇಟ್ ಕಣ್ಣಿನ ಹನಿಯ ಬಾಟಲಿಯ ಹಾಗೆ ಸಿಗುತ್ತದೆ. ಹೀಗೆ ಕಣ್ಣು ಅಂಟಿಸಿಕೊಂಡವರು ನಿಜವಾಗಿಯೂ ಇದ್ದಾರೆ.

ಏನಾದರೂ ಕೆಳಗೆ ಬಿದ್ದರೆ ತಕ್ಷಣ ಬಗ್ಗಬೇಡಿ. ಉರುಳುವ ಸದ್ದು ನಿಲ್ಲುವವರೆಗೆ ಕೇಳಿ, ಅತ್ತ ತಿರುಗಿ, ಮಂಡಿಯೂರಿ, ಅಂಗೈಯಿಂದ ಸಣ್ಣ ಸುತ್ತು, ಆಮೇಲೆ ದೊಡ್ಡ ಸುತ್ತು ಹಾಕಿ.

ಹಂತ 5: ಬೆಂಕಿ, ಗ್ಯಾಸ್

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಒಬ್ಬರೇ ಇದ್ದಾಗ ಗ್ಯಾಸ್ ಒಲೆ ಹಚ್ಚಬೇಡಿ. ಹುಟ್ಟಿನಿಂದ ಕಾಣದವರು ಒಲೆ ಮೇಲೆ ಸಲೀಸಾಗಿ ಅಡುಗೆ ಮಾಡುತ್ತಾರೆ, ನಿಜ. ಅವರಿಗೆ ವರ್ಷಗಳ ಅಭ್ಯಾಸ ಇದೆ, ನಿಮಗೆ ಮೂರು ದಿನದ್ದು. ಕರೆಂಟ್ ಇದ್ದರೆ ತಾನಾಗಿ ಆಫ್ ಆಗುವ ಕೆಟಲ್, ಮೈಕ್ರೊವೇವ್ ಸಾಕು. ಸಿಲಿಂಡರಿನ ವಾಲ್ವನ್ನೇ ಮುಚ್ಚಿಸಿಬಿಟ್ಟರೆ ನೆಮ್ಮದಿ. ಹೀಟರ್‌ಗೆ ಗ್ಯಾಸ್ ಬೇಕೇ ಬೇಕಾದರೆ ಒಲೆಯ ಲೈನನ್ನು ಮಾತ್ರ ಮುಚ್ಚಿ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಕೂರುತ್ತದೆ, ಅದಕ್ಕೇ ಅದರ ಅಲಾರಂ ನೆಲದ ಹತ್ತಿರ ಇರುತ್ತದೆ. ಗ್ಯಾಸ್, ಕಾರ್ಬನ್ ಮಾನಾಕ್ಸೈಡ್, ಹೊಗೆ, ಮೂರೂ ಅಲಾರಂಗಳ ಟೆಸ್ಟ್ ಬಟನ್ ಒತ್ತಿ ಯಾವುದರ ಕೂಗು ಯಾವುದು ಅಂತ ಕಲಿಯಿರಿ. ದೀಪ ನೋಡಿ ತಿಳಿಯುವ ಕಾಲ ಅಲ್ಲ ಇದು. ನನ್ನ ಗಾಡಿಯ ಹೊಗೆ ಅಲಾರಂ ಕೂಗಲೇ ಇಲ್ಲ, ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ.

ಬಿಸಿ ನೀರನ್ನು ಲೋಟದ ಅಂಚಿಗೆ ಬೆರಳಿಟ್ಟು ಅಳೆಯಬೇಡಿ. ತಣ್ಣೀರನ್ನು ಮೊದಲು ಲೋಟದಲ್ಲೇ ಅಳೆದು ಕೆಟಲ್‌ಗೆ ಹಾಕಿ, ಕುದಿಸಿ, ಸಿಂಕ್‌ನೊಳಗೆ ಲೋಟ ಇಟ್ಟು ಸುರಿಯಿರಿ. ಒಂದು ಲೋಟ ಹಾಕಿದ್ದು ಒಂದು ಲೋಟವೇ ಬರುತ್ತದೆ.

ಎದ್ದು ಹೊರಗೆ ಓಡುವ ದಾರಿಯನ್ನು ಹಗಲಲ್ಲೇ ನಾಲ್ಕು ಸಲ ನಡೆದು ನೋಡಿ. ತುರ್ತು ಕಿಟಕಿಯ ಹಿಡಿ ಎಲ್ಲಿದೆ, ಯಾವ ಕಡೆ ತಿರುಗುತ್ತದೆ ಅನ್ನುವುದು ಕೈಗೆ ಗೊತ್ತಿರಲಿ.

ಹಂತ 6: ಕಣ್ಣಿನ ಹನಿಗಳು

ಎರಡು ಮೂರು ಬಾಟಲಿ ಕೊಡುತ್ತಾರೆ, ಎಲ್ಲವೂ ಕೈಗೆ ಒಂದೇ ತರ. ದಿನಕ್ಕೆ ನಾಲ್ಕು ಸಲದ್ದಕ್ಕೆ ನಾಲ್ಕು ರಬ್ಬರ್ ಬ್ಯಾಂಡ್, ಎರಡು ಸಲದ್ದಕ್ಕೆ ಎರಡು. ಕೈ ತೊಳೆದು, ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ಎಲ್ಲೂ ತಾಗದಂತೆ ಒಂದು ಹನಿ. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಹಗುರವಾಗಿ ಒತ್ತಿ. ಇನ್ನೊಂದು ಹನಿಗೆ 5 ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಫ್ರಿಜ್‌ನಲ್ಲಿಟ್ಟ ಹನಿ ತಣ್ಣಗಿರುವುದರಿಂದ ಬಿದ್ದದ್ದು ಚೆನ್ನಾಗಿ ಗೊತ್ತಾಗುತ್ತದೆ. ಫ್ರಿಜ್‌ನಲ್ಲಿ ಇಡಬಹುದಾ ಅಂತ ಮಾತ್ರ ಕೇಳಿಕೊಳ್ಳಿ.

ಹಂತ 7: ಫೋನಿಗೆ ಮಾತು ಕಲಿಸಿ

ಕಣ್ಣು ಇರುವಾಗಲೇ ಕಲಿತರೆ ಅರ್ಧ ದಿನದ ಕೆಲಸ. ಐಫೋನ್‌ನಲ್ಲಿ ವಾಯ್ಸ್‌ಓವರ್, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್. ಸಿರಿಗೋ ಗೂಗಲ್ ಅಸಿಸ್ಟೆಂಟ್‌ಗೋ ಹೇಳಿ ಆನ್ ಮಾಡಿಸಬಹುದು. ಆನ್ ಆದ ಮೇಲೆ ಒಂದು ಸಲ ಮುಟ್ಟಿದರೆ ಏನಿದೆ ಅಂತ ಓದುತ್ತದೆ, ಎರಡು ಸಲ ತಟ್ಟಿದರೆ ಒಳಗೆ ಹೋಗುತ್ತದೆ. ಇದು ಗೊತ್ತಿಲ್ಲದೆ ನಾನು ಮೊದಲ ಸಂಜೆ ಫೋನ್ ಕೆಟ್ಟಿತು ಅಂತಲೇ ತಿಳಿದಿದ್ದೆ.

ಬಿ ಮೈ ಐಸ್ ಅನ್ನುವ ಉಚಿತ ಆ್ಯಪ್ ಇದೆ. ದೃಷ್ಟಿ ಮಂದವಾಗಿದ್ದ ಡೆನ್ಮಾರ್ಕಿನ ಹಾನ್ಸ್ ಯೋರ್ಗನ್ ವೀಬರ್ಗ್ ಅವರ ಯೋಚನೆ, 2015ರಲ್ಲಿ ಶುರುವಾಯಿತು. ಕರೆ ಮಾಡಿದರೆ ಯಾರೋ ಸ್ವಯಂಸೇವಕರು ನಿಮ್ಮ ಕ್ಯಾಮೆರಾ ಮೂಲಕ ನೋಡಿ ಹೇಳುತ್ತಾರೆ. ಗಾಡಿಯ ಕಂಟ್ರೋಲ್ ಪ್ಯಾನೆಲ್ ಓದಲು ಇದು ವರವೇ ಸರಿ. ಬ್ಯಾಟರಿ ಎಷ್ಟು ವೋಲ್ಟ್, ಟ್ಯಾಂಕ್ ಎಷ್ಟು ತುಂಬಿದೆ, ಟಾಯ್ಲೆಟ್ ಕ್ಯಾಸೆಟ್‌ನ (ಕೊಳಕು ತುಂಬುವ ಪೆಟ್ಟಿಗೆಯ) ಕೆಂಪು ದೀಪ ಹತ್ತಿದೆಯಾ, ಎಲ್ಲ ಕೇಳಬಹುದು. ಸೀಯಿಂಗ್ ಎಐ, ಲುಕ್‌ಔಟ್ ಆ್ಯಪ್‌ಗಳು ಬರಹವನ್ನು ತಾವೇ ಓದುತ್ತವೆ. ನಡೆಯುವ ದಾರಿ ಸುರಕ್ಷಿತವಾ ಅಂತ ಮಾತ್ರ ಯಾವ ಆ್ಯಪನ್ನೂ ನಂಬಬೇಡಿ.

ಇಂಟರ್ನೆಟ್ ಇಲ್ಲದ ಜಾಗದಲ್ಲಿ ಬಿ ಮೈ ಐಸ್ ಕರೆ ಸತ್ತಂತೆ. ಟ್ಯಾಂಕಿಗೆ ಹಳೆಯ ಉಪಾಯವೇ ಸರಿ: ಹೊರಗಿನಿಂದ ಕೈಗೆ ಸಿಗುವ ಟ್ಯಾಂಕಾದರೆ ಬೆರಳ ಗಂಟಿನಿಂದ ತಟ್ಟುತ್ತ ಮೇಲಕ್ಕೆ ಹೋಗಿ, ನೀರಿದ್ದ ಕಡೆ ಮಂದ ಸದ್ದು, ಖಾಲಿ ಇದ್ದ ಕಡೆ ಟೊಳ್ಳು ಸದ್ದು.

ಹಂತ 8: ಮೆಟ್ಟಿಲು ಮತ್ತು ಹೊರಗೆ

ನಾನು ಬಿದ್ದದ್ದು ಒಂದೇ ಸಲ, ಅದೂ ಮೆಟ್ಟಿಲಲ್ಲಿ. ಬಾಗಿಲು ಮುಚ್ಚಿದಾಗ ತಾನಾಗಿ ಒಳಸೇರುವ ಕರೆಂಟಿನ ಮೆಟ್ಟಿಲು, ಸೇರಿಕೊಂಡಿತ್ತು. ನನ್ನ ಕಾಲಿಗೆ ಅದು ಗೊತ್ತಿರಲಿಲ್ಲ. ಮೆಟ್ಟಿಲನ್ನು ಹೊರಗೆ ಇಟ್ಟು ಅದರ ಸ್ವಿಚ್ ಆಫ್ ಮಾಡಿ. ಕೆಳಗೆ ಅಲುಗದ ಅಗಲ ಪೆಟ್ಟಿಗೆ ಮೆಟ್ಟಿಲು ಇಟ್ಟರೆ ಇನ್ನೂ ಒಳ್ಳೆಯದು. ಇಳಿಯುವಾಗ ಗಾಡಿಯ ಕಡೆ ಮುಖ ಮಾಡಿ, ಏಣಿ ಇಳಿದ ಹಾಗೆ ಹಿಡಿ ಹಿಡಿದು ಇಳಿಯಿರಿ. ನೋಡುವವರಿಗೆ ತಮಾಷೆ ಅನಿಸಿದರೆ ಅನಿಸಲಿ.

ಟಾಯ್ಲೆಟ್ ಬ್ಲಾಕ್‌ಗೋ ನಲ್ಲಿಗೋ ದಿನಾ ಹೋಗಬೇಕಾದರೆ ಸೊಂಟದ ಎತ್ತರಕ್ಕೆ ಹಗ್ಗ ಕಟ್ಟಬಹುದು, ಆಫೀಸಿನವರ ಒಪ್ಪಿಗೆ ತಗೊಂಡು, ಬೇರೆಯವರು ಓಡಾಡದ ಕಡೆ ಮಾತ್ರ. ಅಷ್ಟಿಲ್ಲದಿದ್ದರೆ ಬಾಗಿಲಲ್ಲಿ ಒಂದು ರೇಡಿಯೊ ಸಣ್ಣಗೆ ಹಾಕಿಡಿ. ಸದ್ದು ಹಿಡಿದು ಮನೆ ಸೇರಬಹುದು. ಹೊರಗೆ ಹರಡಿದ ಮೆತ್ತೆ ಕುರ್ಚಿ, ಬಿಸಿಲು ಪರದೆಯ ಹಗ್ಗ, ಕರೆಂಟ್ ಕೇಬಲ್, ನೀರಿನ ಪೈಪು ಎಲ್ಲವನ್ನೂ ಬಾಗಿಲಿಲ್ಲದ ಕಡೆಗೆ ಸಾಗಿಸಿ.

ಕರೆದುಕೊಂಡು ಹೋಗುವವರು ನಿಮ್ಮನ್ನು ತಳ್ಳಬಾರದು, ಎಳೆಯಲೂ ಬಾರದು. ನೀವು ಅವರ ಮೊಣಕೈಗಿಂತ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಿರಿ. ಅವರ ಮೈ ಏರಿದ್ದು, ಇಳಿದದ್ದು ನಿಮ್ಮ ಕೈಗೆ ತಿಳಿಯುತ್ತದೆ.

ಹಂತ 9: ಜೊತೆಗಿರುವವರಿಗೆ ಎರಡು ಮಾತು

ಸಣ್ಣ ಜಾಗ, ಇಬ್ಬರು, ಒಬ್ಬರಿಗೆ ಕಾಣುವುದಿಲ್ಲ. ಜಗಳ ಆಗುತ್ತದೆ. ನನ್ನ ಹೆಂಡತಿ ಕೆಲಸಕ್ಕೆ ಹೋಗುವ ಮುಂಚೆ ನನಗಾಗಿ ಎಲ್ಲವನ್ನೂ "ನೀಟಾಗಿ" ಜೋಡಿಸುತ್ತಿದ್ದಳು, ನಾನು ಇಡೀ ದಿನ ಹುಡುಕುತ್ತಿದ್ದೆ. ಕೊನೆಗೆ ನಿಯಮ ಮಾಡಿಕೊಂಡೆವು: ಏನನ್ನಾದರೂ ಜಾಗ ಬದಲಿಸಿದರೆ ಬಾಯಲ್ಲಿ ಹೇಳಬೇಕು. ಒಳಗೆ ಬಂದಾಗ, ಹೊರಗೆ ಹೋಗುವಾಗಲೂ ಹೇಳಬೇಕು. ಖಾಲಿ ಗಾಡಿಯ ಜೊತೆ ಮಾತಾಡಿದಷ್ಟು ಪೆಚ್ಚಾಗುವುದು ಬೇರೆ ಇಲ್ಲ. "ಅಲ್ಲಿದೆ" ಅನ್ನುವ ಬದಲು "ನಿನ್ನ ಬಲಗೈ ಹತ್ತಿರ" ಅನ್ನಬೇಕು.

ಇಲ್ಲದ್ದು ಕಂಡರೆ ಗಾಬರಿ ಬೇಡ. ದೃಷ್ಟಿ ಕುಗ್ಗಿದಾಗ ಕೆಲವರಿಗೆ ಜನ, ಜಾಲರಿ, ಹೂವಿನ ಚಿತ್ತಾರ ಕಾಣುತ್ತವೆ. 1760ರಲ್ಲೇ ಜಿನೀವಾದ ಶಾರ್ಲ್ ಬೊನೆ ತನ್ನ ತಾತನಿಗೆ ಹೀಗಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅದು ಹುಚ್ಚಲ್ಲ. ಡಾಕ್ಟರ್‌ಗೆ ಹೇಳಿ ಅಷ್ಟೇ.

ಹಂತ 10: ಮತ್ತೆ ಸ್ಟೀರಿಂಗ್ ಹಿಡಿಯುವ ಮೊದಲು

ಕಾಣಲು ಶುರುವಾಯಿತು ಅಂದರೆ ಓಡಿಸಲು ಆಗುತ್ತದೆ ಅಂತ ಅಲ್ಲ. ಒಂದೇ ಕಣ್ಣು ಕೆಲಸ ಮಾಡುವಾಗ ದೂರದ ಅಂದಾಜು ತಪ್ಪುತ್ತದೆ, ಒಂದು ಪಕ್ಕ ಮಸುಕಾಗಿರುತ್ತದೆ. ಮೋಟರ್‌ಹೋಮ್‌ನ ಅಗಲಕ್ಕೆ, ಉದ್ದಕ್ಕೆ ಅದು ಸಾಲದು. ಆಪರೇಷನ್ ನಂತರ ಕನ್ನಡಕದ ನಂಬರ್ ಬದಲಾಗುತ್ತಿರುತ್ತದೆ, ಅವಸರದಲ್ಲಿ ಹೊಸದು ಮಾಡಿಸಬೇಡಿ. ಡಾಕ್ಟರ್ ಹೂಂ ಅನ್ನಬೇಕು, ನಿಮ್ಮ ಲೈಸೆನ್ಸಿನ ದೃಷ್ಟಿ ನಿಯಮ ಮುಟ್ಟಬೇಕು, ತಿಳಿಸಬೇಕಾದ ಕಡೆ ಇಲಾಖೆಗೆ, ಇನ್ಶೂರೆನ್ಸ್‌ಗೆ ತಿಳಿಸಿರಬೇಕು. ಆಮೇಲೂ ಮೊದಲ ಓಟ ಖಾಲಿ ಮೈದಾನದಲ್ಲಿ, ಹಗಲಲ್ಲಿ, ಪಕ್ಕದಲ್ಲಿ ಒಬ್ಬರಿದ್ದು. ರಾತ್ರಿ ಓಡಿಸುವುದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

ಹೊರಡುವ ಮುನ್ನ ಹಗ್ಗ ಬಿಚ್ಚಿ, ಪೆಟ್ಟಿಗೆ ಮೆಟ್ಟಿಲು ಒಳಗಿಟ್ಟು, ಮೆಟ್ಟಿಲಿನ ಸ್ವಿಚ್ ಮತ್ತೆ ಆನ್ ಮಾಡಿ. ನಾನು ಅದನ್ನು ಮರೆತು, ಮೆಟ್ಟಿಲು ಹೊರಗೇ ಇಟ್ಟುಕೊಂಡು ಗೇಟಿನವರೆಗೆ ಹೋಗಿದ್ದೆ. ಪಂಪಿನ ಸ್ವಿಚ್ಚಿನ ಮೇಲಿನ ಚುಕ್ಕೆ ಮಾತ್ರ ಈಗಲೂ ಹಾಗೇ ಇದೆ. ರಾತ್ರಿ ದೀಪ ಹಾಕದೆ ನೀರು ಕುಡಿಯಲು ಅನುಕೂಲ.